ಸಿರುಗುಪ್ಪದಿಂದಲೂ ಲಾಗಿನ್: ವಿಶ್ವವಿದ್ಯಾಲಯದ ಜಾಲ ಬೆಳೆದ ಬಗೆ

ನಕ್ಷೆಯಲ್ಲಿ ಈ ಮೂರು ಊರು ನೋಡಿ. ಕೆಳಗೆ ಬಳ್ಳಾರಿ ನಗರ. ಮೇಲೆ, ಉತ್ತರಕ್ಕೆ ಸುಮಾರು 55 ಕಿ.ಮೀ. ದೂರದಲ್ಲಿ ಸಿರುಗುಪ್ಪ. ನಡುವೆ, ತುಸು ಪಶ್ಚಿಮಕ್ಕೆ ಕುರುಗೋಡು. ಮೂರೂ ಒಂದೇ ಜಿಲ್ಲೆಯವು. ಆದರೂ ಪಿಎಚ್.ಡಿ. ಮಾಡುವವರಿಗೆ ಬಹುಕಾಲ ಈ ದೂರ ಕಾಡಿತು. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೂತರೆ ಪೂರ್ತಿ ತೆರೆದುಕೊಳ್ಳುವ ಜರ್ನಲ್ ಲೇಖನ, ಸಿರುಗುಪ್ಪದ ಮನೆಯಿಂದ ನೋಡಿದರೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳುತ್ತಿತ್ತು. ಇದು ಯಾಕೆ ಹೀಗಾಯಿತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1986. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ಅರ್ನೆಟ್ ಎಂಬ ಜಾಲ ಶುರುಮಾಡಿತು. ಮೊದಲ ಎಂಟು ಕೇಂದ್ರಗಳಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಒಂದೇ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಆಗ ಬಳ್ಳಾರಿ ಪ್ರದೇಶದ ಪದವಿ ಕಾಲೇಜುಗಳು ಗುಲ್ಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ದವು. ಅಲ್ಲಿನವರಿಗೆ ನೆಟ್‌ವರ್ಕ್ ಅನ್ನುವುದು ಇನ್ನೂ ದೂರದ ಮಾತು.

2002ರಲ್ಲಿ ಯುಜಿಸಿ-ಇನ್‌ಫೋನೆಟ್ ಬಂತು. ವಿಶ್ವವಿದ್ಯಾಲಯಗಳಿಗೆ ಇಂಟರ್ನೆಟ್ ಸಂಪರ್ಕ, ಅದರ ಬೆನ್ನಲ್ಲೇ ಸಾವಿರಾರು ವಿದೇಶಿ ಜರ್ನಲ್‌ಗಳು. ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಬೀಗ ಹಾಕಿದ ರೀತಿಯಲ್ಲೇ ತೊಡಕಿತ್ತು. ಪ್ರತಿ ಕ್ಯಾಂಪಸ್ಸಿನ ನೆಟ್‌ವರ್ಕ್‌ಗೂ ಒಂದು ಐಪಿ ವಿಳಾಸ ಇರುತ್ತದೆ. ಪ್ರಕಾಶಕರ ಸರ್ವರ್ ನೋಡುತ್ತಿದ್ದದ್ದು ಅದನ್ನು ಮಾತ್ರ. ಆ ವಿಳಾಸದಿಂದ ಯಾರೇ ಕೇಳಿದರೂ ಕೊಡುತ್ತಿತ್ತು, ಬೇರೆ ಕಡೆಯಿಂದ ಸ್ವತಃ ಪ್ರಾಧ್ಯಾಪಕರೇ ಕೇಳಿದರೂ ಇಲ್ಲ ಅನ್ನುತ್ತಿತ್ತು. ಅಂದರೆ ನಂಬಿಕೆ ಇದ್ದದ್ದು ಜಾಗದ ಮೇಲೆ, ಜನರ ಮೇಲಲ್ಲ.

ಈಗ 2010ಕ್ಕೆ ಬನ್ನಿ. ಬಳ್ಳಾರಿಗೆ ಇದು ಮುಖ್ಯ ವರ್ಷ. ಗುಲ್ಬರ್ಗಾದಿಂದ ಬೇರೆಯಾಗಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಹುಟ್ಟಿತು. ಅದೇ ವರ್ಷ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಕೇಂದ್ರ ಸಚಿವ ಸಂಪುಟ 5,990 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷವೇ ಪದವಿ ಕಾಲೇಜುಗಳಿಗೂ ಜರ್ನಲ್ ಒದಗಿಸುವ ಎನ್-ಲಿಸ್ಟ್ ಯೋಜನೆ ಶುರುವಾಯಿತು. ಮೂರರಲ್ಲಿ ನನಗೆ ಎನ್-ಲಿಸ್ಟ್ ತುಂಬಾ ಇಷ್ಟ. ದುಡ್ಡಿನಲ್ಲಿ ಅದು ಸಣ್ಣದು, ಆದರೆ ಸದಸ್ಯ ಕಾಲೇಜಿನ ಪ್ರತಿ ಅಧ್ಯಾಪಕರಿಗೂ ವಿದ್ಯಾರ್ಥಿಗೂ ಅವರದೇ ಹೆಸರಿನ ಲಾಗಿನ್ ಕೊಟ್ಟಿತು. ಕಾಲೇಜು ಮುಚ್ಚಿದ ಮೇಲೂ ಅದು ನಡೆಯುತ್ತಿತ್ತು.

ಮುಂದಿನ ಹೆಜ್ಜೆ ಇನ್‌ಫೆಡ್. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ವ್ಯವಸ್ಥೆಯ ಬೆನ್ನೆಲುಬು ಶಿಬ್ಬೊಲೆತ್ ಎಂಬ ತಂತ್ರಾಂಶ. ಅಮೆರಿಕದ ಇಂಟರ್ನೆಟ್2 ಕೂಟ 2000ದಲ್ಲಿ ಅದರ ಕೆಲಸ ಆರಂಭಿಸಿತ್ತು. ಅದು ಹೇಗೆ ಕೆಲಸ ಮಾಡುತ್ತದೆ, ಪರದೆಯ ಮೇಲೆ ನಿಧಾನವಾಗಿ ನೋಡೋಣ.

ಕುರುಗೋಡಿನಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಮೊಬೈಲಿನಲ್ಲಿ ಪ್ರಕಾಶಕರ ಪುಟ ತೆರೆಯುತ್ತಾಳೆ ಅಂದುಕೊಳ್ಳಿ. ಪಟ್ಟಿಯಲ್ಲಿ ತನ್ನ ಸಂಸ್ಥೆಯ ಹೆಸರು ಒತ್ತುತ್ತಾಳೆ. ತಕ್ಷಣ ಅವಳ ಸಂಸ್ಥೆಯ ಲಾಗಿನ್ ಪುಟ ಬರುತ್ತದೆ. ಪಾಸ್‌ವರ್ಡ್ ಹಾಕುವುದು ಅಲ್ಲಿ. ಸರಿಯಿದ್ದರೆ, ಡಿಜಿಟಲ್ ಸಹಿ ಇರುವ ಒಂದು ಸಂದೇಶ ಪ್ರಕಾಶಕರಿಗೆ ಹೋಗುತ್ತದೆ. ಊರಿನ ಹಿರಿಯರು "ಈ ಹುಡುಗಿ ನಮ್ಮವಳೇ" ಎಂದು ಜಾಮೀನು ಹೇಳಿದ ಹಾಗೆ. ಪಾಸ್‌ವರ್ಡ್ ಪ್ರಕಾಶಕರ ಕೈಗೆ ಸಿಗುವುದೇ ಇಲ್ಲ. ಅವಳ ಹೆಸರನ್ನು ಕೂಡ ಹೇಳಬೇಕಾಗಿಲ್ಲ.

ಮಾರ್ಚ್ 2020ರ ಲಾಕ್‌ಡೌನ್ ಈ ಎರಡು ವಿಧಾನಗಳ ವ್ಯತ್ಯಾಸವನ್ನು ಎಲ್ಲರಿಗೂ ತೋರಿಸಿತು. ಐಪಿಯನ್ನೇ ನೆಚ್ಚಿಕೊಂಡಿದ್ದ ಕಡೆ, ಕ್ಯಾಂಪಸ್ ಗೇಟ್ ಮುಚ್ಚುತ್ತಲೇ ಲೈಬ್ರರಿಯೂ ಮುಚ್ಚಿತು.

ಆದರೆ ಒಬ್ಬೊಬ್ಬರಿಗೂ ಲಾಗಿನ್ ಕೊಟ್ಟರೆ ಜವಾಬ್ದಾರಿಯೂ ಹೆಚ್ಚುತ್ತದೆ. ಕೋರ್ಸ್ ಮುಗಿಸಿ ಹೋದವರ ಖಾತೆ ಅಂದೇ ಮುಚ್ಚಬೇಕು. ಇಡೀ ವಿಭಾಗಕ್ಕೆ ಒಂದೇ ಪಾಸ್‌ವರ್ಡ್ ಹಂಚುವ ಅಭ್ಯಾಸ ನಿಲ್ಲಬೇಕು, ಏಕೆಂದರೆ ಅದು ಸೋರಿದರೆ ಯಾರಿಂದ ಸೋರಿತೆಂದು ಹುಡುಕಲಾಗದು. ಹಾಸ್ಟೆಲ್ ವೈ-ಫೈ ಮತ್ತು ಪರೀಕ್ಷಾ ವಿಭಾಗ ಒಂದೇ ಜಾಲದಲ್ಲಿ ಇರಕೂಡದು. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಸರ್ಟ್-ಇನ್ ಏಪ್ರಿಲ್ 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಸರ್ವರ್ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. 2021ರ ನಂತರ ನಮ್ಮ ರಾಜ್ಯದಲ್ಲಿ ಪ್ರವೇಶಾತಿಯಿಂದ ಅಂಕಪಟ್ಟಿಯವರೆಗೆ ಯುಯುಸಿಎಂಎಸ್ ತಂತ್ರಾಂಶಕ್ಕೆ ಸಾಗುತ್ತಿರುವಾಗ, ಒಂದು ಪಾಸ್‌ವರ್ಡ್ ಕಳುವಾದರೆ ಹೋಗುವುದು ಜರ್ನಲ್ ಮಾತ್ರವಲ್ಲ, ವಿದ್ಯಾರ್ಥಿಯ ಅಂಕವೂ ಅಪಾಯಕ್ಕೆ ಸಿಲುಕುತ್ತದೆ. ಇಷ್ಟು ಕೆಲಸಕ್ಕೆ ಖಾಯಂ ಸಿಸ್ಟಮ್ ಅಡ್ಮಿನ್ ಹುದ್ದೆ ಬೇಕೇ ಬೇಕು. ಗಣಕ ವಿಜ್ಞಾನದ ಮೇಷ್ಟ್ರಿಗೆ ಪಾಠದ ಜೊತೆ ಇದನ್ನೂ ನೋಡಿಕೊಳ್ಳಿ ಅಂದರೆ ಎರಡೂ ಕೆಡುತ್ತವೆ.

1 ಜನವರಿ 2025ರಿಂದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆ ಜಾರಿಯಲ್ಲಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಚಂದಾ ಕಟ್ಟುವ ಚಿಂತೆ ಈಗ ಕಾಲೇಜಿನದಲ್ಲ. ಕ್ಯಾಂಪಸ್ ಹೊರಗಿನಿಂದ ಓದಲು ಇನ್‌ಫೆಡ್ ದಾರಿಯೂ ಇದೆ. ಆದರೆ ವಿದ್ಯಾರ್ಥಿಯ ಖಾತೆ ತೆರೆದುಕೊಡಬೇಕಾದವರು ಅವಳ ಸಂಸ್ಥೆಯವರೇ. ಈ ವಿಡಿಯೋ ನೋಡುತ್ತಿರುವ ವಿದ್ಯಾರ್ಥಿಗಳೇ, ನಿಮ್ಮ ಗ್ರಂಥಪಾಲಕರ ಹತ್ತಿರ ಹೋಗಿ ನಿಮ್ಮ ಹೆಸರಿನ ಇನ್‌ಫೆಡ್ ಲಾಗಿನ್ ಆಗಿದೆಯೇ ಎಂದು ಕೇಳಿ.