ರಜೆಯ ದಿನಗಳಲ್ಲಿ ಎಳೆಯರೊಡನೆ



ಕ್ರಿಸ್ಮಸ್ ರಜೆಯಲ್ಲಿ ಎಳೆಯ ಮಕ್ಕಳೊಡನೆ ಹೆಚ್ಚು ವೆಚ್ಚವಿಲ್ಲದೆ ಸಂತೋಷವಾಗಿ ಕಾಲ ಕಳೆಯುವ ಬಗೆಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಈ ವಿಷಯದಲ್ಲಿ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ, ಅಷ್ಟೆ. ಅದರಿಂದಲೇ ಆರಂಭಿಸುತ್ತೇನೆ.

ಅನೇಕ ವರ್ಷಗಳ ಹಿಂದೆ, ನನ್ನ ಮಗಳಿಗೆ ಐದು ವರ್ಷವಾಗಿದ್ದಾಗ, ಗೋದಲಿ ಸ್ಪರ್ಧೆಯಲ್ಲಿ ಬಹುಮಾನ ಪಡೆಯಲೇಬೇಕೆಂಬ ಹಟ ನನ್ನನ್ನು ಹಿಡಿಯಿತು. ನಾಲ್ಕು ರಾತ್ರಿ ನಿದ್ದೆಗೆಟ್ಟು ಬೆಟ್ಟ, ಬಾವಿ, ಹರಿಯುವ ತೊರೆ ಎಲ್ಲವನ್ನೂ ನಿರ್ಮಿಸಿದೆ. ಮಗಳು ಕೆರೆಯ ಜೇಡಿಮಣ್ಣಿನಿಂದ ಒಂದು ಕತ್ತೆಯನ್ನು ಮಾಡಿ ತಂದಳು. ಅದಕ್ಕೆ ಕಾಲುಗಳು ಮೂರೇ. ತೀರ್ಪುಗಾರರು ಬರುವ ಹೊತ್ತಿಗೆ ನಾನು ಅದನ್ನು ಎತ್ತಿ ಕಿಟಕಿಯ ಮೇಲಿಟ್ಟೆ. ಬಹುಮಾನವೇನೋ ಬಂದಿತು. ಆದರೆ ಆ ರಜೆಯುದ್ದಕ್ಕೂ ಅವಳು ಗೋದಲಿಯ ಬಳಿ ಸುಳಿಯಲಿಲ್ಲ. ನೋಡಲು ಬಂದ ನೆರೆಯವರಿಗೆ, "ಅದು ಅಪ್ಪನದು" ಎಂದು ಹೇಳಿದ್ದನ್ನು ಒಳಗಿನಿಂದ ಕೇಳಿಸಿಕೊಂಡೆ.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಏರ್ಪಡಿಸಿದ ಗೋದಲಿಯಲ್ಲಿ ಇದ್ದುದು ಹುಲ್ಲು, ಒಂದು ಎತ್ತು, ಒಂದು ಕತ್ತೆ. 2023ಕ್ಕೆ ಅದಕ್ಕೆ 800 ವರ್ಷ ತುಂಬಿತು. ನಾವಾದರೋ ಇಂದು ಪ್ಲಾಸ್ಟಿಕ್ಕಿನ ಹುಲ್ಲನ್ನು ಪೇಟೆಯಿಂದ ಕೊಂಡು ತರುತ್ತೇವೆ. ನಮ್ಮ ತಾಯಂದಿರು ಅದನ್ನು ಮನೆಯಲ್ಲೇ ಬೆಳೆಯುತ್ತಿದ್ದರು.

ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಕಾಣೆ. ಡಿಸೆಂಬರ್ 12 ಅಥವಾ 13ರ ರಾತ್ರಿ ಒಂದು ಬೊಗಸೆ ರಾಗಿಯನ್ನು ನೆನೆಹಾಕಿ, ಮರುದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಿಳಿಯ ಮೊಳಕೆ ಇಣುಕಿದ ಮೇಲೆ ಹಳೆಯ ತಟ್ಟೆಯಲ್ಲೋ ತೆಂಗಿನ ಕರಟಗಳಲ್ಲೋ ಮಣ್ಣು ಹರಡಿ, ಬಿತ್ತನೆಯನ್ನು ಮಗುವಿಗೇ ಬಿಡಿ. ಒಂದೆಡೆ ದಟ್ಟವಾಗಿ, ಇನ್ನೊಂದೆಡೆ ಬೋಳಾಗಿ ಬೀಳುತ್ತದೆ. ಬೀಳಲಿ, ಸರಿಪಡಿಸಲು ಹೋಗಬೇಡಿ. ದಿನವೂ ನೀರು ಚಿಮುಕಿಸುವುದೂ ಅದರದೇ ಹೊಣೆ. ಒಂದು ಕರಟದ ಮೇಲೆ ಮಾತ್ರ ರಟ್ಟಿನ ಡಬ್ಬವನ್ನು ಬೋರಲು ಹಾಕಿರಿ. ಐದಾರು ದಿನಗಳ ಬಳಿಕ ಡಬ್ಬ ಎತ್ತಿ ನೋಡಿದರೆ ಆ ಪೈರು ತೆಳ್ಳಗೆ ನೀಳವಾಗಿ, ಹಳದಿಯಾಗಿ ಬಾಗಿರುತ್ತದೆ; ಬೆಳಕಿನಲ್ಲಿದ್ದುದು ಹಚ್ಚಹಸಿರಾಗಿರುತ್ತದೆ. ಹಳದಿಯದನ್ನು ಬೆಳಕಿಗಿಟ್ಟು ಅದು ಹಸಿರೇರುವುದನ್ನು ಮಗು ಕಾದು ನೋಡಲಿ. ಏಕೆಂದು ಅದೇ ಕೇಳುತ್ತದೆ. ಕೇಳುವ ಮುನ್ನ ಹೇಳಬೇಡಿ.

ನಕ್ಷತ್ರದ ಗೂಡುದೀಪದಲ್ಲಿ ಬಿದಿರು ಸೀಳುವುದು ದೊಡ್ಡವರ ಪಾಲು, ಸಿಬಿರು ಚುಚ್ಚೀತು. ಐದೈದು ಕಡ್ಡಿಗಳಿಂದ ಎರಡು ನಕ್ಷತ್ರಗಳನ್ನು ಕಟ್ಟಿ, ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ದಾರದಿಂದ ಬಿಗಿದು, ಕಡ್ಡಿಗಳು ಹಾಯುವೆಡೆಯಲ್ಲಿ ಐದು ಗಿಡ್ಡ ಕಡ್ಡಿಗಳನ್ನು ನಡುವೆ ನಿಲ್ಲಿಸಿದರೆ ಅದು ಉಬ್ಬಿ ನಿಲ್ಲುತ್ತದೆ. ಗಾಳಿಪಟದ ಕಾಗದಕ್ಕೆ ಮೈದಾ ಅಂಟು ಬಳಿಯುವುದು ಮಗುವಿನ ಪಾಲು. ಅಂಟಿಗೆ ಹುಳು ಹಿಡಿಯದಿರಲೆಂದು ಕೆಲವರು ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳಿರುವಲ್ಲಿ ಕೂಡದು. ಒಳಗೆ ಮೇಣದಬತ್ತಿಯೂ ಬೇಡ, ಸಣ್ಣ ವಿದ್ಯುದ್ದೀಪ ಸಾಕು.

ಮಧ್ಯಾಹ್ನಗಳಿಗೆ ಅಳಿಗುಳಿಮಣೆ ಇದೆ. ಮಣೆಯಿಲ್ಲದಿದ್ದರೆ ಅಂಗಳದಲ್ಲಿ ಏಳೇಳರ ಎರಡು ಸಾಲು ಗುಳಿ ತೋಡಿ ಹುಣಿಸೆಬೀಜ ಹಾಕಿದರಾಯಿತು. ಬೀಜವನ್ನು ಬಾಯಿಗಿಡುವ ಕೂಸುಗಳ ಮೇಲೆ ಕಣ್ಣಿರಲಿ. ಆಟ ಕಲಿಸಲು ಅಜ್ಜಿಯರಿಗಿಂತ ಬೇರೆ ಗುರುಗಳು ಬೇಕಿಲ್ಲ.

ಇವಾವುದಕ್ಕೂ ಹಣ ಬೇಡ, ನಿಜ. ಆದರೆ ಖರ್ಚೇ ಇಲ್ಲವೆಂದು ನಾನು ಹೇಳಲಾರೆ. ನಾನೊಬ್ಬನೇ ಒಂದು ಗಂಟೆಯಲ್ಲಿ ಮುಗಿಸುವ ನಕ್ಷತ್ರಕ್ಕೆ ಮಗುವಿನೊಡನೆ ಎರಡು ದಿನ ಹಿಡಿಯುತ್ತದೆ. ಕಾರ್ಖಾನೆಯ ಪಾಳಿ ಮುಗಿಸಿ ಬರುವ ತಂದೆಗೂ ಒಲೆಯ ಮುಂದೆ ಕಜ್ಜಾಯ ಕರಿಯುವ ತಾಯಿಗೂ ಇದು ಸುಲಭವಲ್ಲವೆಂದು ಬಲ್ಲೆ. ದಿನಕ್ಕೆ ಅರ್ಧ ಗಂಟೆ ದೊರೆತರೂ ಆಗಬಹುದು. ಆ ಅರ್ಧ ಗಂಟೆ ಮೊಬೈಲು ಬೇರೆ ಕೋಣೆಯಲ್ಲಿರಲಿ.

ಮರುವರ್ಷ ಗೋದಲಿ ಕಟ್ಟುವಾಗ ಆ ಕತ್ತೆಯನ್ನು ಹುಡುಕಿದೆ. ಸುಡದ ಹಸಿಮಣ್ಣು, ಕಿಟಕಿಯ ಮೇಲೆಯೇ ಮಳೆಯ ಎರಚಲಿಗೆ ಕರಗಿಹೋಗಿತ್ತು. ಇನ್ನೊಂದನ್ನು ಮಾಡಿಕೊಡೆಂದು ಮಗಳನ್ನು ಕೇಳಿದೆ. ತನಗೆ ಬಾರದೆಂದಳು. ಅವಳು ಮತ್ತೆ ಮಣ್ಣು ಮುಟ್ಟಲು ನಾನು ಅವಳ ಪಕ್ಕದಲ್ಲಿ ಕುಳಿತು ಅವಳದಕ್ಕಿಂತ ಸೊಟ್ಟಗಿನ ಒಂದು ಎತ್ತನ್ನು ಮಾಡಬೇಕಾಯಿತು.

ಆದುದರಿಂದ ಈ ಶತಮಾನೋತ್ಸವ ವರ್ಷದ ಗೋದಲಿ ಸ್ಪರ್ಧೆಯ ತೀರ್ಪುಗಾರರಲ್ಲಿ ನನ್ನದೊಂದು ವಿನಂತಿ. ಮನೆಮನೆಗೆ ಹೋದಾಗ ದಯವಿಟ್ಟು ಮೊದಲು ಮಕ್ಕಳನ್ನು ಕರೆದು, "ಇದರಲ್ಲಿ ನೀನು ಮಾಡಿದ್ದು ಯಾವುದು?" ಎಂದು ಕೇಳಿ. ಅಂಕ ಹಾಕುವುದು ಆಮೇಲೆ.