ಮೆಣಸಗಿಯ ಕಡಲೆ, ಮಲೆಯ ಸೀಗೆ: ಅಗ್ಗದ ಚೆಲುವಿನ ಲೆಕ್ಕಾಚಾರ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗೆಂದು ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಪರಿಸರದ ಸಭೆಗಳಲ್ಲಿ ಕಾಡು, ಗಣಿ, ಅಣೆಕಟ್ಟುಗಳ ಮಾತು ಬರುತ್ತದೆ; ಬಚ್ಚಲುಮನೆಯ ಮಾತು ಬರುವುದು ಅಪರೂಪ. ಸ್ನೋ, ಪೌಡರು, ಶಾಂಪೂಗಳ ವಿಚಾರ ಹೆಂಗಸರ ಹರಟೆಯೆಂದು ಬದಿಗೆ ಸರಿಸಲ್ಪಡುತ್ತದೆ. ಆದರೆ ಕೂಲಿಯ ದುಡ್ಡಿನಲ್ಲಿ ಒಂದು ಪಾಲು ಪ್ರತಿ ವಾರ ಕಿರಾಣಿ ಅಂಗಡಿಯ ಸ್ಯಾಶೆಗಳಿಗೆ ಹೋಗುತ್ತದೆ. ಬಚ್ಚಲ ನೀರು ಹಳ್ಳಕ್ಕೂ, ಹಳ್ಳದ ನೀರು ಹೊಳೆಗೂ ಸೇರುತ್ತದೆ. ಆದ್ದರಿಂದ ಅಗ್ಗದ ಚೆಲುವೆಂಬುದು ಮನೆಯ ಲೆಕ್ಕವೂ ಹೌದು, ನೆಲ ಜಲಗಳ ಲೆಕ್ಕವೂ ಹೌದು.

ಈ ಲೆಕ್ಕವನ್ನು ನೋಡಲು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಮೆಣಸಗಿಯಂಥ ಊರು ತಕ್ಕ ಸ್ಥಳ. ಅದು ಬೆಟ್ಟದ ಊರಲ್ಲ, ಎರೆನೆಲದ ಊರು. ಆದರೂ ಮಲೆಗೂ ಆ ಸೀಮೆಗೂ ನಂಟಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ, ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ರೋಣದ ಸೀಮೆಯನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಮಲೆಯಲ್ಲಿ ಹೊಳೆಗೆ ಬಿದ್ದದ್ದು ಬಯಲಿಗೆ ತಲುಪುತ್ತದೆ. 2009 ಮತ್ತು 2019ರ ನೆರೆಗಳಲ್ಲಿ ಈ ನದಿಯ ದಂಡೆಯ ಹಳ್ಳಿಗಳು ಅದನ್ನು ಕಣ್ಣಾರೆ ಕಂಡಿವೆ.

ನೀರಿನಂತೆ ಸರಕೂ ಹರಿಯುತ್ತಿತ್ತು. ಮಲೆಯ ಸೀಗೆಕಾಯಿ, ಅಂಟುವಾಳಗಳು ಬಯಲಿನ ಸಂತೆಗೆ ಇಳಿಯುತ್ತಿದ್ದವು. ಬಯಲಿನ ಕಡಲೆ, ಹೆಸರು, ಕುಸುಬಿ ಎಣ್ಣೆಗಳು ಘಟ್ಟ ಏರುತ್ತಿದ್ದವು. ಮೆಣಸಗಿಯ ಸುತ್ತಿನ ಎರೆಹೊಲಗಳಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬಿ ಬೆಳೆಯುವುದು ವಾಡಿಕೆ. ಎಣ್ಣೆ ಹಚ್ಚಿ ತಲೆ ಎರಕೊಳ್ಳುವ ದಿನ ಜಿಡ್ಡು ತೆಗೆಯಲು ಕಡಲೆಹಿಟ್ಟು, ಎಳೆಮಕ್ಕಳ ಮೈಗೆ ಹೆಸರುಹಿಟ್ಟು, ಚಳಿಗಾಲದಲ್ಲಿ ಒಡೆದ ಕೈಕಾಲಿಗೆ ಗಾಣದ ಎಣ್ಣೆ. ಇವು ಸೌಂದರ್ಯ ಸಾಧನಗಳೆಂಬ ಹೆಸರಿಲ್ಲದೆಯೇ ಬಳಕೆಯಲ್ಲಿದ್ದವು.

ಈಗ ಇದೇ ಕಡಲೆಹಿಟ್ಟಿಗೆ ಅರಿಶಿನ ಬೆರೆಸಿ, ಬಣ್ಣದ ಡಬ್ಬಿಯಲ್ಲಿ ತುಂಬಿ ‘ನೈಸರ್ಗಿಕ ಉಬ್ಟನ್’ ಎಂದು ಮಾರುವವರಿದ್ದಾರೆ. 2025-26ರ ಹಿಂಗಾರು ಮಾರಾಟ ಹಂಗಾಮಿಗೆ ಕೇಂದ್ರ ಸರ್ಕಾರ ಕಡಲೆಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ. ಅಂದರೆ ಕಿಲೋಗೆ 56 ರೂಪಾಯಿ 50 ಪೈಸೆ. ಒಮ್ಮೆ ಮುಖ ತೊಳೆಯಲು ಹತ್ತು ಗ್ರಾಂ ಹಿಟ್ಟು ಸಾಕು. ಬೀಸುವ ಕೂಲಿ ಬಿಟ್ಟರೆ ಆ ದರದಲ್ಲಿ ಅದರ ಕಾಳಿನ ಬೆಲೆ ಸುಮಾರು 57 ಪೈಸೆಯಾಗುತ್ತದೆ. ಬೆಳೆದವನ ಕೈಗೆ ಸಿಕ್ಕಿದ್ದೆಷ್ಟು, ಡಬ್ಬಿಯ ಮೇಲೆ ಮುದ್ರಿಸಿದ್ದೆಷ್ಟು ಎಂಬುದನ್ನು ವಿದ್ಯಾರ್ಥಿಗಳು ಅಂಗಡಿಯಲ್ಲಿ ನಿಂತು ಭಾಗಾಕಾರ ಮಾಡಿ ನೋಡಬಹುದು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ತಲೆಗೂದಲಿನ ವಿಚಾರದಲ್ಲಿ ನೀರಿನ ಗುಣವನ್ನು ಮೊದಲು ತಿಳಿಯಬೇಕು. ಎರೆಸೀಮೆಯ ಅನೇಕ ಕೊಳವೆಬಾವಿಗಳ ನೀರು ಸವಳು. ಅಂಥ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸೋಪಿನೊಡನೆ ಕೂಡಿ ಕರಗದ ಜಿಡ್ಡಾಗುತ್ತವೆ. ನೊರೆ ಬರುವುದಿಲ್ಲ, ಸೋಪು ಬೇಗ ಸವೆಯುತ್ತದೆ, ಕೂದಲು ಅಂಟಂಟಾಗುತ್ತದೆ. ಸೀಗೆ, ಅಂಟುವಾಳಗಳಲ್ಲಿರುವ ಸ್ಯಾಪೊನಿನ್ ಎಂಬ ನೊರೆ ಪದಾರ್ಥ ಈ ಲವಣಗಳೊಡನೆ ಹಾಗೆ ಒಡೆಯುವುದಿಲ್ಲ. ಸೋಪು ಕ್ಷಾರಗುಣದ್ದು, ಚರ್ಮದ ಮೇಲ್ಮೈಯೋ ತುಸು ಆಮ್ಲಗುಣದ್ದು. ಸೀಗೆಯ ನೀರೂ ತುಸು ಆಮ್ಲೀಯವಾದ್ದರಿಂದ ಕೂದಲಿನ ಹೊರಪದರವನ್ನು ಅದು ಸೋಪಿನಷ್ಟು ಕೆದರುವುದಿಲ್ಲ. ಶಾಂಪೂ ಕೂಡ ಸವಳು ನೀರಿನಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಮರೆಮಾಚಬೇಕಿಲ್ಲ. ಅದರ ದೋಷ ತೊಳೆಯುವ ಶಕ್ತಿಯಲ್ಲಿಲ್ಲ. ಖರ್ಚಿನಲ್ಲಿ ಮತ್ತು ಪೊಟ್ಟಣದಲ್ಲಿದೆ.

ತಯಾರಿಯ ವಿಧಾನ ಸರಳ. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿದ ಸೀಗೆಕಾಯಿಗೆ ಒಂದು ಹಿಡಿ ಮೆಂತ್ಯ, ಬೀಜ ತೆಗೆದ ಕೆಲವು ಅಂಟುವಾಳದ ಸಿಪ್ಪೆ ಸೇರಿಸಿ ಗಿರಣಿಯಲ್ಲಿ ಬೀಸಿ, ಜರಡಿ ಹಿಡಿದು, ತೇವ ತಾಗದ ಡಬ್ಬಿಯಲ್ಲಿಡಬೇಕು. ಬಳಸುವಾಗ ಬಿಸಿನೀರಿನಲ್ಲಿ ಅಥವಾ ಅನ್ನದ ಗಂಜಿಯ ತಿಳಿಯಲ್ಲಿ ಕಲಸಬೇಕು. ಕಣ್ಣಿಗೆ ಬಿದ್ದರೆ ಉರಿಯುತ್ತದೆಯಾದ್ದರಿಂದ ಮಕ್ಕಳ ತಲೆಗೆ ಪುಡಿಯ ಬದಲು ಸೋಸಿದ ನೀರೇ ಲೇಸು. ಮಲೆನಾಡಿನವರಿಗೆ ದಾಸವಾಳದ ಸೊಪ್ಪಿನ ಗೊಂಪು ಹಿತ್ತಲಿನಲ್ಲೇ ದೊರೆಯುತ್ತದೆ. ಅದಕ್ಕೆ ಬೀಸುವ ಕೂಲಿಯೂ ಬೇಡ.

ಇದರ ಅರ್ಥ ಅಂಗಡಿಯ ಸಾಮಾನನ್ನೆಲ್ಲ ತೊರೆಯಬೇಕೆಂದಲ್ಲ. ಕೊಳ್ಳುವುದಾದರೆ ಓದಿ ಕೊಳ್ಳಬೇಕು. ಸೋಪಿನ ಹೊದಿಕೆಯ ಮೇಲೆ ‘ಟಿಎಫ್‌ಎಂ’ ಎಂಬ ಮೂರು ಅಕ್ಷರಗಳ ಮುಂದೆ ಒಂದು ಶೇಕಡಾವಾರು ಇರುತ್ತದೆ. ಅದು ಒಟ್ಟು ಕೊಬ್ಬಿನಾಂಶದ ಪ್ರಮಾಣ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಸ್ನಾನದ ಸೋಪಿನಲ್ಲಿ ಅದು ಶೇ. 76ಕ್ಕೆ ಕಡಿಮೆ ಇರಬಾರದು. ಎರಡನೆಯ ದರ್ಜೆಗೆ ಶೇ. 70, ಮೂರನೆಯದಕ್ಕೆ ಶೇ. 60. ‘ಬೇದಿಂಗ್ ಬಾರ್’ ಎಂದು ಬರೆದಿದ್ದರೆ ಅದು ಬೇರೆಯೇ ವರ್ಗ. ಅದರಲ್ಲಿ ಕೊಬ್ಬಿನಾಂಶ ಇನ್ನೂ ಕಡಿಮೆ ಇರಬಹುದು. ಕೊಬ್ಬಿನಾಂಶ ಕಡಿಮೆಯಾದ ಸೋಪು ಸಾಮಾನ್ಯವಾಗಿ ನೀರಿನಲ್ಲಿ ಬೇಗ ಕರಗುತ್ತದೆ. ಜಾಹೀರಾತಿನ ತಾರೆಯ ಮುಖಕ್ಕಿಂತ ಈ ಸಂಖ್ಯೆ ಹೆಚ್ಚು ಸತ್ಯ ಹೇಳುತ್ತದೆ.

ಸ್ಯಾಶೆಯ ಬಗ್ಗೆಯೂ ಒಂದು ಮಾತು. ಸ್ಯಾಶೆ ಯಾವಾಗಲೂ ಬಾಟಲಿಗಿಂತ ದುಬಾರಿ ಎಂದು ಹೇಳುವುದು ಸರಿಯಲ್ಲ. ಮಿಲಿಲೀಟರಿನ ಲೆಕ್ಕದಲ್ಲಿ ಹಲವು ಸಲ ಅದೇ ಅಗ್ಗ. ದಿನಗೂಲಿಯವರು ಅದನ್ನು ಕೊಳ್ಳುವುದು ದಡ್ಡತನದಿಂದಲ್ಲ. ಆದರೆ ಪ್ಲಾಸ್ಟಿಕ್ ಮತ್ತು ಲೋಹದ ಪದರಗಳನ್ನು ಅಂಟಿಸಿ ಮಾಡಿದ ಆ ಚೂರನ್ನು ಗುಜರಿಯವರು ಕೊಳ್ಳುವುದಿಲ್ಲ, ಮಣ್ಣು ತಿನ್ನುವುದಿಲ್ಲ, ಸುಟ್ಟರೆ ಹೊಗೆ ವಿಷ. ಅದು ಕಾಲುವೆಯ ಬಾಯಿ ಕಟ್ಟುತ್ತದೆ. ಅದನ್ನು ವಿಲೇವಾರಿ ಮಾಡುವ ಖರ್ಚು ಬೆಲೆಯಲ್ಲಿ ಕಾಣುವುದಿಲ್ಲ. ಊರಿನ ತಲೆಯ ಮೇಲೆ ಬೀಳುತ್ತದೆ.

ಹಣದ ನಷ್ಟಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಬಿಸಿಲಲ್ಲಿ ಕಳೆ ತೆಗೆಯುವ, ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆ ‘ಬೆಳ್ಳಗಾಗಬೇಕು’ ಎಂಬ ಆಸೆಯನ್ನು ಮಾರಲಾಗಿದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ, 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಪದವನ್ನು ಕೈಬಿಟ್ಟು ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾದರೂ ಮದುವೆಯ ಮಾತುಕತೆಯಲ್ಲಿ ಹುಡುಗಿಯ ಬಣ್ಣ ಕೇಳುವ ರೂಢಿ ಅಳಿದಿಲ್ಲ. ಆ ರೂಢಿಯ ಬೆನ್ನ ಮೇಲೆ ವಿಳಾಸವಿಲ್ಲದ, ತಯಾರಕರ ಪರವಾನಗಿ ಸಂಖ್ಯೆಯಿಲ್ಲದ ಕ್ರೀಮುಗಳು ಹಳ್ಳಿಗೆ ಬರುತ್ತಿವೆ. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮದ ಬಣ್ಣ ಹುಟ್ಟುವುದನ್ನು ತಡೆಯುವುದರಿಂದ ಕೆಲವೇ ವಾರಗಳಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ಜೊತೆಗೆ ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಸೇರುತ್ತದೆ.

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಕಾಯಿಲೆಯ ಒಂದು ಅಪರೂಪದ ಬಗೆ ಇತ್ತು. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಬಳಸಿದ್ದರು. ಅಲ್ಪ ಬೆಲೆಯ ಡಬ್ಬಿಯೊಂದು ಒಂದು ಕುಟುಂಬವನ್ನು ಆಸ್ಪತ್ರೆಯ ಸಾಲಕ್ಕೆ ನೂಕಬಲ್ಲದು. ಕ್ರೀಮುಗಳಲ್ಲಿ ಪಾದರಸ ತಿಳಿಯದೆ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದೆಂದು ಭಾರತದ 2020ರ ಸೌಂದರ್ಯವರ್ಧಕ ನಿಯಮಗಳು ಹೇಳುತ್ತವೆ. ಪಾದರಸ ಬೆರೆಸಿದ ಪ್ರಸಾಧನಗಳನ್ನು 2025ರೊಳಗೆ ಕೊನೆಗಾಣಿಸಲು ಮಿನಮಾಟ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ನಿರ್ಧರಿಸಿದವು. ಕಾನೂನು ಇದ್ದರೂ ಕಣ್ಣು ತೆರೆದಿರಬೇಕು. ‘ಚಿನ್ನ, ಬೆಳ್ಳಿಗೆ ತಾಗಿಸಬೇಡಿ’ ಎಂಬ ಎಚ್ಚರಿಕೆ, ‘ಕ್ಯಾಲೊಮೆಲ್’, ‘ಮರ್ಕ್ಯುರಿ’ ಎಂಬ ಪದಗಳು ಕಂಡರೆ ಆ ಡಬ್ಬಿಯನ್ನು ಮುಟ್ಟಬಾರದು.

ಇನ್ನೊಂದು ಬಗೆಯ ಅಪಾಯ ಔಷಧಿ ಅಂಗಡಿಯದು. ಇಸುಬಿಗೆ ಕೊಡುವ ಸ್ಟೀರಾಯ್ಡ್ ಮುಲಾಮನ್ನು ಬಣ್ಣಕ್ಕೆಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ಏಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಬಿಸಿಲಿಗೆ ಅಗ್ಗದ ರಕ್ಷಣೆಯೆಂದರೆ ಸೆರಗು, ರುಮಾಲು, ಕೊಡೆ ಮತ್ತು ಮಧ್ಯಾಹ್ನದ ಹೊತ್ತಿನ ಮರದ ನೆರಳು.

ಮನೆಯ ಉಪಾಯಗಳೆಲ್ಲವೂ ಒಳ್ಳೆಯವೆಂದೂ ನಂಬಬಾರದು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ. ಅಡುಗೆ ಸೋಡಾ, ಟೂತ್‌ಪೇಸ್ಟುಗಳು ಮೊಡವೆಯ ಮದ್ದಲ್ಲ, ಚರ್ಮವನ್ನು ಕೆರಳಿಸುತ್ತವೆ. ಕಣ್ಣು ಕುಕ್ಕುವ ಹಳದಿಯ ಬಿಡಿ ಅರಿಶಿನಪುಡಿಯಲ್ಲಿ ಸೀಸದ ಬಣ್ಣ ಬೆರೆತಿರಬಹುದು. ಕೊಂಬು ತಂದು ಕುಟ್ಟಿಸುವುದು ಕ್ಷೇಮ. ಅಂಟಿಸುವ ಬೊಟ್ಟಿನ ಅಂಟಿನಲ್ಲಿರುವ ರಾಸಾಯನಿಕದಿಂದ ಹಣೆಯಲ್ಲಿ ಬಿಳಿ ಮಚ್ಚೆ ಮೂಡುವುದುಂಟು. ಹಾಗಾದರೆ ಕೂಡಲೇ ಬಿಟ್ಟು ಚರ್ಮವೈದ್ಯರನ್ನು ಕಾಣಬೇಕು. ಯಾವುದೇ ಹೊಸ ವಸ್ತುವನ್ನು ಮೊದಲು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದೆರಡು ದಿನ ಕಾಯುವುದು ಖರ್ಚಿಲ್ಲದ ಪರೀಕ್ಷೆ.

ಕೊನೆಯದಾಗಿ ಮಲೆಯ ಹೊಣೆ. ಪೇಟೆಯಲ್ಲಿ ಸೀಗೆಗೆ ಬೇಡಿಕೆ ಹೆಚ್ಚಿದರೆ ಕಾಡಿಗೆ ಲಾಭವೇ ಆಗುತ್ತದೆಂದು ಹೇಳಲಾಗದು. ಕಾಯಿಗಾಗಿ ಬಳ್ಳಿಯನ್ನೇ ಕಡಿದರೆ ಮರುವರ್ಷ ಕಾಯಿಯಿಲ್ಲ. ಮಾಗಿದ್ದನ್ನಷ್ಟೇ ಕೊಯ್ದು, ಒಂದು ಪಾಲನ್ನು ಬೀಜಕ್ಕೂ ಹಕ್ಕಿಪ್ರಾಣಿಗೂ ಬಿಡುವ ಹಳೆಯ ಕಟ್ಟಳೆಗೆ ಮರಳಬೇಕು. ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳಿಗಿರುವ ಒಡೆತನವನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮಾನ್ಯ ಮಾಡಿದೆ; ಆ ಹಕ್ಕಿನೊಡನೆ ಕಾಯುವ ಕರ್ತವ್ಯವೂ ಬರುತ್ತದೆ. ನೈಸರ್ಗಿಕವಾದುದೆಲ್ಲ ನಿರಪಾಯವೂ ಅಲ್ಲ. ಸ್ಯಾಪೊನಿನ್ ಮೀನಿನ ಕಿವಿರಿಗೆ ವಿಷ. ಆದ್ದರಿಂದ ಅಂಟುವಾಳದ ನೊರೆನೀರನ್ನು ನೇರವಾಗಿ ಕೆರೆ ಹಳ್ಳಗಳಿಗೆ ಬಿಡದೆ ಬಾಳೆ, ತೆಂಗಿನ ಬುಡಕ್ಕೆ ಹರಿಸಬೇಕು.

ಮಲೆಯ ಮಹಿಳಾ ಸಂಘವೊಂದು ಸೀಗೆಪುಡಿಯನ್ನೂ, ಮೆಣಸಗಿಯಂಥ ಊರಿನ ಸಂಘವೊಂದು ಕಡಲೆ, ಹೆಸರುಹಿಟ್ಟುಗಳನ್ನೂ ಬೀಸಿ, ನಡುವಣ ಕಂಪನಿಯಿಲ್ಲದೆ ಬಟ್ಟೆಯ ಚೀಲದಲ್ಲಿ ವಿನಿಮಯ ಮಾಡಿಕೊಳ್ಳುವುದು ಅಸಾಧ್ಯವೇನಲ್ಲ. ಸಂತೆಯ ಹಳೆಯ ದಾರಿ ಇನ್ನೂ ಇದೆ. ಅಲ್ಲಿಯವರೆಗೆ ಪ್ರತಿ ಶಾಲೆಯ ಮಕ್ಕಳು ಒಂದು ಕೆಲಸ ಮಾಡಬಹುದು: ಒಂದು ತಿಂಗಳು ಮನೆಗೆ ಬಂದ ಸ್ಯಾಶೆ, ಸೋಪು, ಕ್ರೀಮುಗಳ ಹೊದಿಕೆಗಳನ್ನು ಕೂಡಿಟ್ಟು, ಬೆಲೆಗಳನ್ನು ಕೂಡಿ, ಆ ಮೊತ್ತವನ್ನು ತಾಯಿಯ ಮುಂದಿಡಬೇಕು. ಯಾವುದು ಬೇಕು, ಯಾವುದು ಬೇಡ ಎಂಬ ತೀರ್ಮಾನ ಆಮೇಲೆ ಆ ಮನೆಯದು.