ಕಣ್ಣಿಲ್ಲದವನ ಲೋಕಸಾಕ್ಷ್ಯ



ಪರದೇಶದ ಜನರ ನಡೆನುಡಿಗಳನ್ನೂ ಆಚಾರವ್ಯವಹಾರಗಳನ್ನೂ ಅರಿತು ಬರೆದಿಡುವುದು ಕಣ್ಣುಳ್ಳವರಿಗೆ ಮಾತ್ರ ಸಾಧ್ಯವೆಂಬುದು ಲೋಕರೂಢಿಯಾಗಿದೆ. ಈ ರೂಢಿಯು ಎಷ್ಟರಮಟ್ಟಿಗೆ ನಿಜವೆಂಬುದನ್ನು ಜೇಮ್ಸ್ ಹಾಲ್ಮನ್ ಎಂಬ ಆಂಗ್ಲ ಪುರುಷನ ಚರಿತ್ರೆಯಿಂದ ಪರೀಕ್ಷಿಸಬಹುದು.

ಆತನು ೧೭೮೬ರಲ್ಲಿ ಎಕ್ಸೆಟರ್ ನಗರದಲ್ಲಿ ಜನಿಸಿ, ಬಾಲ್ಯದಲ್ಲಿಯೇ ನೌಕಾದಳವನ್ನು ಸೇರಿ ಲೆಫ್ಟೆನೆಂಟ್ ಪದವಿಗೇರಿದನು. ಕೀಲುಬೇನೆಯಿಂದ ನರಳಿ, ಇಪ್ಪತ್ತೈದರ ಹರೆಯದಲ್ಲಿ ದೃಷ್ಟಿಯನ್ನೂ ಕಳೆದುಕೊಂಡನು. ವಿಂಡ್ಸರಿನಲ್ಲಿ ನೌಕಾಧಿಕಾರಿಗಳಿಗೆಂದು ಏರ್ಪಟ್ಟಿದ್ದ ಆಶ್ರಯವು ದೊರೆತರೂ, ಅಲ್ಲಿ ಸುಮ್ಮನೆ ಕುಳಿತಿರಲು ಆತನ ಮನವೊಪ್ಪಲಿಲ್ಲ. ೧೮೧೯ರಲ್ಲಿ ಏಕಾಕಿಯಾಗಿ ಫ್ರಾನ್ಸಿಗೆ ಹೊರಟನು. ೧೮೨೨ರಲ್ಲಿ ರಷ್ಯಕ್ಕೆ ತೆರಳಿ ಸೈಬೀರಿಯದ ಇರ್ಕುಟ್ಸ್ಕ್ ಪಟ್ಟಣವನ್ನು ಮುಟ್ಟಲು, ಗೂಢಚಾರನೆಂಬ ಶಂಕೆಯಿಂದ ಝಾರ್ ದೊರೆಯ ಆಳುಗಳು ಆತನನ್ನು ಗಡಿಯಾಚೆಗೆ ಕಳುಹಿಸಿದರು. ಆದರೂ ಎದೆಗುಂದದೆ ೧೮೨೭ರಿಂದ ೧೮೩೨ರ ವರೆಗೆ ಭೂಪ್ರದಕ್ಷಿಣೆಯನ್ನು ಮಾಡಿ, ಅದರ ವೃತ್ತಾಂತವನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದನು. ಆಫ್ರಿಕದ ಬಳಿಯ ಫರ್ನಾಂಡೊ ಪೊ ದ್ವೀಪದ ಮೂಲನಿವಾಸಿಗಳ ಮಾತುಗಳನ್ನು ಕೇಳಿ ಕೇಳಿ ಪದಪಟ್ಟಿಯೊಂದನ್ನೂ ಅಣಿಗೊಳಿಸಿದನು.

ಲೋಹದ ತುದಿಯುಳ್ಳ ಕೋಲನ್ನು ನೆಲಕ್ಕೆ ತಟ್ಟಿ, ಮರುದನಿಯಿಂದಲೇ ಗೋಡೆಬಯಲುಗಳನ್ನು ಆತನು ತಿಳಿಯುತ್ತಿದ್ದನು. ತಂತಿಗಳನ್ನು ಸಾಲಾಗಿ ಬಿಗಿದ ಚೌಕಟ್ಟಿನಲ್ಲಿ ಮಸಿಗಾಗದವನ್ನಿಟ್ಟು ಬರೆಯುತ್ತಿದ್ದನು. ಆದರೆ ಬರೆದುದನ್ನು ತಾನೇ ಓದಲಾರದವನಾಗಿದ್ದನು.

"ಕಾಣದವನ ಸಾಕ್ಷ್ಯಕ್ಕೆ ಬೆಲೆಯೇನು?" ಎಂದು ಅನೇಕರು ಆಕ್ಷೇಪಿಸಿದರು. ಕಣ್ಣುಳ್ಳವನು ಒಮ್ಮೆ ನೋಡಿ ತೃಪ್ತನಾಗಿ ಮುಂದೆ ಸಾಗುವನು. ಕಾಣದವನಾದರೋ ಪ್ರತಿಯೊಂದನ್ನೂ ವಿಚಾರಿಸಿಯೇ ತಿಳಿಯಬೇಕಾದುದರಿಂದ ಆಳಕ್ಕಿಳಿಯುವನು, ಎಂಬುದೇ ಆತನ ಉತ್ತರದ ಸಾರಾಂಶವು. ಈ ಉತ್ತರದಲ್ಲಿ ಸತ್ಯವುಂಟು. ವೇಷಭೂಷಣಗಳ ಬಣ್ಣವನ್ನು ಅಂಧನು ಇತರರ ಬಾಯಿಂದಲೇ ಅರಿಯಬೇಕು. ಹೇಳುವವನು ಬಿಟ್ಟುದು ಆತನಿಗೂ ಬಿಟ್ಟುಹೋಗುವುದು. ಇಂದಿಗೂ ಜನಜೀವನವನ್ನು ಅಧ್ಯಯನ ಮಾಡುವ ದೃಷ್ಟಿಹೀನರಿಗೂ ಮಂದದೃಷ್ಟಿಯವರಿಗೂ ಈ ತೊಡಕು ತಪ್ಪಿದುದಲ್ಲ. ಆದರೆ ಒಂದು ಜನಾಂಗವು ಏಕೆ ಹೀಗೆ ನಡೆಯುವುದೆಂಬುದು ಕಣ್ಣುಳ್ಳವನಿಗೂ ಕಾಣದು. ಅವನೂ ಅವರ ಬಾಯಿಂದಲೇ ಕೇಳಬೇಕು. ಕೇಳುವ ತಾಳ್ಮೆಯಿಲ್ಲದವನಿಗೆ ಕಣ್ಣಿದ್ದೂ ಫಲವೇನು?

ಲಂಡನ್ನಿನ ರಾಯಲ್ ಸೊಸೈಟಿಯು ಹಾಲ್ಮನ್ನನನ್ನು ಸದಸ್ಯನನ್ನಾಗಿ ಸ್ವೀಕರಿಸಿತು. ಡಾರ್ವಿನ್ ಪಂಡಿತನು ತನ್ನ ಪ್ರವಾಸಗ್ರಂಥದಲ್ಲಿ ಆತನ ಬರಹವನ್ನು ಆಧಾರವಾಗಿ ಉಲ್ಲೇಖಿಸಿದನು. ಆದರೂ ಲೋಕವು ಬೇಗನೆ ಮರೆಯಿತು. ೧೮೫೭ರಲ್ಲಿ ಆತನು ತೀರಿಕೊಂಡಾಗ, ಕೊನೆಗಾಲದಲ್ಲಿ ಬರೆದಿದ್ದ ಆತ್ಮಕಥನವು ಅಚ್ಚನ್ನು ಕಾಣದೆಯೇ ಹೋಯಿತು. ಆ ನಷ್ಟವು ಆತನದಲ್ಲ, ಲೋಕದ್ದು.

ಆದುದರಿಂದ ದೃಷ್ಟಿಯಿಲ್ಲದವನೊಬ್ಬನು ವಿದ್ಯೆಯನ್ನು ಅರಸಿ ಬಂದಾಗ, ಇವನಿಂದ ಏನಾದೀತೆಂದು ಅಳೆಯುವುದಕ್ಕೆ ಮುನ್ನ, ಅವನು ಕೇಳಿ ಅರಿತುದನ್ನು ಕಿವಿಗೊಟ್ಟು ಕೇಳುವುದು ಸಜ್ಜನರ ಕರ್ತವ್ಯವಾಗಿದೆ.